ಸೀಮೆಹಸುವಿನ ಮೈ ತಣಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಕೋಲಾರ, ಮಂಡ್ಯದ ಕಡೆ ಶೀಟು ಹೊದಿಸಿದ ಕೊಟ್ಟಿಗೆಗಳಲ್ಲಿ ಸೀಮೆಹಸುಗಳು ಮಧ್ಯಾಹ್ನವೆಲ್ಲ ನಿಂತೇ ಇರುತ್ತವೆ. ನಿಂತರೆ ಮೈಯ ಎಲ್ಲ ಕಡೆಗೂ ಗಾಳಿ ಸೋಕುತ್ತದೆ.

ಮೊದಲು ಉಸಿರು ಎಣಿಸಿ. ಅಳ್ಳೆಯ ಏರಿಳಿತ ನಿಮಿಷಕ್ಕೆ 60 ದಾಟಿದರೆ ಬಿಸಿಲಿನ ಬಾಧೆ ತಟ್ಟಿದೆ ಎಂದರ್ಥ. ನಾಲಿಗೆ ಚಾಚಿ ಜೊಲ್ಲು ಸುರಿಸುತ್ತಿದ್ದರೆ ಎಣಿಸುತ್ತ ಕೂರಬೇಡಿ; ಮೈಗೆ ನೀರು ಹಾಕಿ, ಪಶುವೈದ್ಯರನ್ನು ಕರೆಸಿ.

ಹಸುವಿನ ಮೈ ಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಗಾಳಿ ತಂಪಾಗಿದ್ದಾಗ ಮೈಯ ಕಾವು ತಾನಾಗಿ ಗಾಳಿಗೂ ನೆಲಕ್ಕೂ ಇಳಿಯುತ್ತದೆ. ಗಾಳಿಯೇ ಚರ್ಮದಷ್ಟು ಬಿಸಿಯಾದರೆ ಉಳಿಯುವುದು ಒಂದೇ ದಾರಿ: ಬೆವರು ಮತ್ತು ಉಸಿರಿನಲ್ಲಿ ನೀರು ಆವಿಯಾಗಬೇಕು. ಹಳ್ಳಿಕಾರ್‌ನಂಥ ನಾಟಿ ಹಸು ಚೆನ್ನಾಗಿ ಬೆವರುತ್ತದೆ, ಅದರೊಳಗೆ ಹುಟ್ಟುವ ಶಾಖವೂ ಕಡಿಮೆ. ಹೆಚ್ಚು ಹಾಲು ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿ) ಮಿಶ್ರತಳಿಯಾದರೋ ಹೊಟ್ಟೆಯೊಳಗೆ ಒಲೆ ಹೊತ್ತಿಸಿಕೊಂಡೇ ನಿಂತಿರುತ್ತದೆ.

ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ಆಮೇಲೆ ನೀರಿನ ಕೆಲಸ.

ಬಹಳ ಮಂದಿ ಎಡವುವುದು ಇಲ್ಲೇ. ಎರಡು ಬಿಂದಿಗೆ ಸುರಿದು ಹೋಗಿಬಿಡುತ್ತಾರೆ. ತಂಪು ಕೊಡುವುದು ನೀರು ಬಿದ್ದದ್ದಕ್ಕಿಂತ ಹೆಚ್ಚಾಗಿ ಅದು ಆರಿದ್ದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಬೆನ್ನು, ಭುಜದ ಕೂದಲು ಬುಡದವರೆಗೂ ನೆನೆಯುವಂತೆ ಒಂದು ನಿಮಿಷ ನೀರು ಬಿಡಿ. ನಿಲ್ಲಿಸಿ. ನಾಲ್ಕೈದು ನಿಮಿಷ ಫ್ಯಾನ್ ಗಾಳಿ ಬೀಸಲಿ. ಮೈ ಆರಿದೊಡನೆ ಮತ್ತೆ ನೆನೆಸಿ. ನೀರು ಕೆಚ್ಚಲಿಗೆ ಇಳಿಯದಿರಲಿ, ಕೆಚ್ಚಲು ಬಾವು ರೋಗಕ್ಕೆ ದಾರಿಯಾಗುತ್ತದೆ. ಗಾಳಿಯಾಡದ ಕೊಟ್ಟಿಗೆಯಲ್ಲಿ ಬರೀ ನೀರು ಚಿಮುಕಿಸಿದರೆ ತೇವ ಹೆಚ್ಚಿ ಹಸುವಿನ ಪಾಡು ಇನ್ನೂ ಕೆಡುತ್ತದೆ. ಮಂಗಳೂರು, ಉಡುಪಿಯ ಕಡೆ ಗಾಳಿಯಲ್ಲೇ ತೇವ ತುಂಬಿರುವುದರಿಂದ, ದುಡ್ಡು ಹಾಕುವುದಾದರೆ ಮಂಜು ಚಿಮ್ಮಿಸುವ ಯಂತ್ರಕ್ಕಿಂತ ಮೊದಲು ಒಳ್ಳೆಯ ಫ್ಯಾನಿಗೆ ಹಾಕಿ.

ಮೇವು ಹೊಟ್ಟೆಯಲ್ಲಿ ಹುದುಗುವಾಗಲೂ ಶಾಖ ಹುಟ್ಟುತ್ತದೆ. ತಿಂದ ಕೆಲವು ಗಂಟೆಗಳ ಬಳಿಕ ಅದು ಏರುತ್ತದೆ. ಹಿಂಡಿ, ಬೂಸಾವನ್ನು ನಸುಕಿನಲ್ಲೂ ಹೊತ್ತು ಇಳಿದ ಮೇಲೂ ಕೊಡಿ. ನೀರಿನ ತೊಟ್ಟಿ ನೆರಳಿನಲ್ಲಿರಲಿ, ಸದಾ ತುಂಬಿರಲಿ: ಹಾಲು ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 80 ಲೀಟರ್‌ಗೂ ಮೀರಿ ಕುಡಿಯಬಲ್ಲದು. ಬೆವರಿನಲ್ಲಿ ಲವಣಾಂಶ ಹೋಗುವುದರಿಂದ ಉಪ್ಪು, ಖನಿಜ ಮಿಶ್ರಣ ತಪ್ಪಿಸಬೇಡಿ.

ಅರ್ಧ ಗಂಟೆಯ ನಂತರ ಉಸಿರನ್ನು ಮತ್ತೆ ಎಣಿಸಿ. ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ. ಹಗಲಿನ ಕಾವನ್ನು ಹಸು ಬಿಟ್ಟುಕೊಡುವುದು ರಾತ್ರಿಯಲ್ಲೇ. ಆಗಲೂ ಎಣಿಕೆ 60ರ ಮೇಲಿದ್ದರೆ ಕರೆಂಟ್ ಬಿಲ್ಲಿಗೆ ಹೆದರದೆ ಫ್ಯಾನನ್ನು ಬೆಳಗಿನವರೆಗೂ ಓಡಿಸಿ.