ಕೋಬಾಲ್ಟ್ ಅಗೆದ ನಾಡಿಗೆ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುವ ಬಗೆ

ಜಗತ್ತಿನ ಗಣಿಗಳಿಂದ ಹೊರಬರುವ ಕೋಬಾಲ್ಟಿನಲ್ಲಿ ನೂರಕ್ಕೆ 70ರಷ್ಟು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಬ್ಯಾಟರಿ ಉದ್ಯಮದ ಸುದ್ದಿಗಳಲ್ಲಿ ಈ ಅಂಕಿ ಪದೇ ಪದೇ ಕಾಣಿಸುತ್ತದೆ; ಆದರೆ ಅಗೆದದ್ದರಲ್ಲಿ ಅಲ್ಲಿನ ಜನರಿಗೆ ದಕ್ಕಿದ್ದೆಷ್ಟು ಎಂಬುದನ್ನು ತಿಳಿಯಲು ಬೇರೆಯೇ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮೊದಲು, ಖನಿಜ ಯಾವ ರೂಪದಲ್ಲಿ ಗಡಿ ದಾಟುತ್ತದೆ ಎಂದು ನೋಡಿ. ಲುವಾಲಾಬಾ ಪ್ರಾಂತ್ಯದ ಕೊಲ್ವೇಝಿ ಸುತ್ತಮುತ್ತ ತೆಗೆದ ಅದಿರು ಬಹುಮಟ್ಟಿಗೆ ಕೋಬಾಲ್ಟ್ ಹೈಡ್ರಾಕ್ಸೈಡ್ ಎಂಬ ಅರೆಸಂಸ್ಕರಿತ ಪುಡಿಯಾಗಿ ಲಾರಿಗಳಲ್ಲಿ ಡರ್ಬನ್, ದಾರ್ ಎಸ್ ಸಲಾಮ್ ಮುಂತಾದ ಬಂದರುಗಳಿಗೆ ಹೋಗಿ, ಅಲ್ಲಿಂದ ಚೀನಾ ತಲುಪುತ್ತದೆ. ಬ್ಯಾಟರಿಗೆ ಬೇಕಾದ ಶುದ್ಧ ಸಲ್ಫೇಟ್, ಕ್ಯಾಥೋಡ್ (ಬ್ಯಾಟರಿಯ ಧನ ವಿದ್ಯುದ್ವಾರ), ಕೋಶ ಎಲ್ಲವೂ ಬಹುಪಾಲು ತಯಾರಾಗುವುದು ಅಲ್ಲಿ. ಪ್ರತಿ ಹಂತದಲ್ಲಿ ಸೇರುವ ಮೌಲ್ಯವೂ ಹುಟ್ಟುವ ಉದ್ಯೋಗವೂ ಆ ಹಂತ ನಡೆಯುವ ನೆಲದಲ್ಲೇ ಉಳಿಯುತ್ತವೆ.

ಮುಂದಿನದು ರಾಜಧನ, ಅಂದರೆ ಅಗೆದ ಖನಿಜದ ಮೌಲ್ಯದ ಮೇಲೆ ಕಂಪನಿ ಸರ್ಕಾರಕ್ಕೆ ಕೊಡಬೇಕಾದ ಪಾಲು. ಇದರ ಮೇಲೆ ಹೆಚ್ಚು ಸಮಯ ಕಳೆಯಿರಿ, ಏಕೆಂದರೆ ಹಣದ ಹಾದಿ ಸ್ಪಷ್ಟವಾಗಿ ಬರೆದಿರುವುದು ಇಲ್ಲಿಯೇ. ಕಾಂಗೊ 2018ರಲ್ಲಿ ಗಣಿ ಕಾನೂನನ್ನು ತಿದ್ದಿ, ಅದೇ ವರ್ಷದ ಕೊನೆಯಲ್ಲಿ ಕೋಬಾಲ್ಟನ್ನು ಆಯಕಟ್ಟಿನ ಖನಿಜವೆಂದು ಸಾರಿತು. ಹಳೆಯ ಕಾನೂನಿನಲ್ಲಿ ಶೇ. 2 ಇದ್ದ ರಾಜಧನ ಶೇ. 10ಕ್ಕೆ ಏರಿತು. ಸಾವಿರ ರೂಪಾಯಿ ಮೌಲ್ಯದ ಸರಕು ಹೋಯಿತೆಂದುಕೊಳ್ಳಿ: ರಾಜಧನ ನೂರು ರೂಪಾಯಿ. ಕಾನೂನಿನ ಪ್ರಕಾರ ಅದರಲ್ಲಿ 50 ಕೇಂದ್ರ ಸರ್ಕಾರಕ್ಕೆ, 25 ಪ್ರಾಂತ್ಯಕ್ಕೆ, 15 ಗಣಿ ಇರುವ ಸ್ಥಳೀಯ ಆಡಳಿತಕ್ಕೆ, 10 ಮುಂದಿನ ಪೀಳಿಗೆಯ ನಿಧಿಗೆ. ಸರಕಿನ ಮೌಲ್ಯವನ್ನು ಕಡಿಮೆ ತೋರಿಸಿದರೆ ಈ ನಾಲ್ಕೂ ಪಾಲುಗಳು ಒಟ್ಟಿಗೆ ಕುಗ್ಗುತ್ತವೆ. ಆದ್ದರಿಂದ ಗಣಿ ಕಂಪನಿ ತನ್ನದೇ ಸೋದರ ಸಂಸ್ಥೆಗೆ ಮಾರುತ್ತಿದ್ದರೆ ಆ ದರವನ್ನು ಅಂತರರಾಷ್ಟ್ರೀಯ ದರದೊಂದಿಗೆ ಹೋಲಿಸಲೇಬೇಕು. ಬಳ್ಳಾರಿಯ ಗಣಿಬಾಧಿತ ಹಳ್ಳಿಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ (ಗಣಿಬಾಧಿತರಿಗಾಗಿ ಗಣಿ ಕಂಪನಿಗಳಿಂದ ಹಣ ಪಡೆಯುವ ನಿಧಿ) ಲೆಕ್ಕ ಕೇಳಿದವರಿಗೆ, ಕಾನೂನಿನಲ್ಲಿ ಬರೆದ ಪಾಲಿಗೂ ಊರಿಗೆ ಬಂದ ಪಾಲಿಗೂ ಇರಬಹುದಾದ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಪ್ಪಂದಗಳನ್ನೂ ಓದಿ. ಚೀನಾದ ಕಂಪನಿಗಳೊಂದಿಗೆ ಕಾಂಗೊ ಮಾಡಿಕೊಂಡ 2008ರ ಸಿಕೋಮೈನ್ಸ್ ಒಪ್ಪಂದ ಖನಿಜಕ್ಕೆ ಪ್ರತಿಯಾಗಿ ರಸ್ತೆ, ಆಸ್ಪತ್ರೆಗಳನ್ನು ಕಟ್ಟಿಕೊಡುವ ಮಾದರಿಯದು. 2024ರಲ್ಲಿ ಅದನ್ನು ಪರಿಷ್ಕರಿಸಿ ಮೂಲಸೌಕರ್ಯದ ಮೊತ್ತವನ್ನು 700 ಕೋಟಿ ಡಾಲರಿಗೆ ಏರಿಸಲಾಯಿತು.

ಬೆಲೆಯ ಏರಿಳಿತವನ್ನು ಅಳೆಯುವಾಗ ಒಂದು ವಿಷಯ ನೆನಪಿರಲಿ: ಇಲ್ಲಿ ಕೋಬಾಲ್ಟ್ ಹೆಚ್ಚಾಗಿ ತಾಮ್ರದ ಉಪೋತ್ಪನ್ನ. ತಾಮ್ರಕ್ಕೆ ಬೇಡಿಕೆ ಇರುವತನಕ, ಕೋಬಾಲ್ಟಿನ ಬೆಲೆ ಬಿದ್ದರೂ ಅದು ಹೊರಬರುತ್ತಲೇ ಇರುತ್ತದೆ. ಕಾಂಗೊ 2025ರ ಫೆಬ್ರುವರಿಯಲ್ಲಿ ರಫ್ತನ್ನೇ ನಿಲ್ಲಿಸಿ, ಅಕ್ಟೋಬರಿನಿಂದ ಕೋಟಾ ಪದ್ಧತಿ ತಂದದ್ದು ಈ ಕಾರಣಕ್ಕೆ. 2026 ಮತ್ತು 2027ಕ್ಕೆ ವರ್ಷಕ್ಕೆ 96,600 ಟನ್ ಮಿತಿ. ಇದನ್ನು ಬರೀ ಪೂರೈಕೆಯ ಅಡಚಣೆ ಎಂದು ಬರೆಯುವುದು ಕೊಳ್ಳುವವರ ಕಡೆಯ ನೋಟ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ, ಕೈಯಿಂದ ಅದಿರು ಅಗೆಯುವ ಸಣ್ಣ ಗಣಿಗಾರರನ್ನು ಲೆಕ್ಕದಿಂದ ಬಿಡಬೇಡಿ. ಕಂಪನಿಯ ವರದಿಯಲ್ಲಿ ಬಾಲಕಾರ್ಮಿಕರಿಲ್ಲ ಎಂಬ ಘೋಷಣೆ ಸಿಕ್ಕರೆ ಅಲ್ಲಿಗೇ ನಿಲ್ಲದೆ, ಈ ಅಗೆಯುವವರ ಅದಿರಿನ ತೂಕವನ್ನೂ ಲೋಹಾಂಶವನ್ನೂ ಅಳೆಯುವವರು ಯಾರು, ಅಳೆಯುವ ಯಂತ್ರ ಅದಿರು ಕೊಳ್ಳುವವನದೇ ಆಗಿದೆಯೇ, ಅಂದಿನ ದರವನ್ನು ಎಲ್ಲಿ ಬರೆದು ಹಾಕಲಾಗಿತ್ತು ಎಂದು ಹುಡುಕಿ ನೋಡಿ.