ಗೆಳೆಯರೊಡನೆ ಸೈಕಲ್‌ನಲ್ಲಿ ಘಟ್ಟ ದಾಟುವುದು ಹೇಗೆ?

ಮಲೆನಾಡನ್ನು ಸೈಕಲ್‌ನಲ್ಲಿ ಸುತ್ತಲು ಹೊರಡುವ ಗೆಳೆಯರ ಗುಂಪುಗಳು ಏರು ಹತ್ತುವುದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತವೆ. ಇಳಿಯುವುದಕ್ಕೆ ಅಭ್ಯಾಸವೇಕೆ ಎಂಬ ಉದಾಸೀನದಿಂದ ಘಟ್ಟದ ತಿರುವಿನಲ್ಲಿ ಬಿದ್ದು, ಮಂಡಿ ಮೊಣಕೈ ತರಚಿಕೊಂಡು, ಉಳಿದ ಪ್ರವಾಸವನ್ನು ಬಸ್ಸಿನಲ್ಲಿ ಮುಗಿಸುವವರೇ ಹೆಚ್ಚು. ಏರಿನಲ್ಲಿ ಸುಸ್ತಾದರೆ ಯಾರು ಬೇಕಾದರೂ ಇಳಿದು ತಳ್ಳಬಹುದು. ಇಳಿಜಾರಿನಲ್ಲಿ ತಪ್ಪಿದರೆ ಯೋಚಿಸುವುದಕ್ಕೂ ಸಮಯವಿರುವುದಿಲ್ಲ.

1. ದಾರಿ ಗೊತ್ತುಮಾಡಿಕೊಳ್ಳಿ. ಮೊದಲ ಸಲ ಹೊರಡುವವರಿಗೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಕಾರ್ಕಳ, ಕುದುರೆಮುಖ, ಕಳಸ, ಕೊಟ್ಟಿಗೆಹಾರ, ಮೂಡಿಗೆರೆಗಳ ಮೂಲಕ ಚಿಕ್ಕಮಗಳೂರು ಸೇರುವ, ಹೆಚ್ಚುಕಡಿಮೆ 300 ಕಿಲೋಮೀಟರಿನ ದಾರಿಯನ್ನೇ ನಾನು ಸೂಚಿಸುವುದು. ಇದರಲ್ಲಿ ಒಂದು ದೊಡ್ಡ ಇಳಿತವೂ ಒಂದು ದೊಡ್ಡ ಏರೂ ಸೇರಿವೆ. ಐದು ದಿನ ಇಟ್ಟುಕೊಳ್ಳಿ. ಮೂರೇ ದಿನದಲ್ಲಿ ಮುಗಿಸುತ್ತೇವೆನ್ನುವ ಗೆಳೆಯನಿದ್ದರೆ ಅವನು ಬೇರೆ ಗುಂಪು ನೋಡಿಕೊಳ್ಳಲಿ.

2. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೊರಡಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಗೆ ಜುಲೈ ತಿಂಗಳಿನಲ್ಲಿ ಸೈಕಲ್ ಒಯ್ಯುವುದು ಸಾಹಸವಲ್ಲ, ಹಟ.

3. ಸೈಕಲ್ ಸಿದ್ಧಮಾಡಿ. ಮುಂದಿನ ಚಿಕ್ಕ ಹಲ್ಲುಚಕ್ರದಷ್ಟಾದರೂ ಹಲ್ಲುಗಳು ಹಿಂದಿನ ದೊಡ್ಡ ಹಲ್ಲುಚಕ್ರಕ್ಕಿರಬೇಕು. ಇಲ್ಲವಾದರೆ ಹೇರು ಹೊತ್ತು ಘಟ್ಟ ಹತ್ತುವಾಗ ಮಂಡಿ ಕೈಕೊಡುತ್ತದೆ. ಟೈರಿನ ಅಗಲ 32ರಿಂದ 40 ಮಿಲಿಮೀಟರ್ ಇರಲಿ. ಎರಡೂ ಚಕ್ರಕ್ಕೆ ಸ್ಪ್ರಿಂಗ್ ಹಾಕಿದ ಅಗ್ಗದ ಸೈಕಲ್‌ಗಳು ನೋಡಲು ಭರ್ಜರಿಯಾಗಿದ್ದರೂ ನಿಮ್ಮ ತುಳಿತದ ಶಕ್ತಿಯನ್ನು ನುಂಗಿಹಾಕುತ್ತವೆ. ಸೀಟಿನ ಮೇಲೆ ಹಾಕುವ ಮೆತ್ತನೆಯ ಜೆಲ್ ಕವರುಗಳಿಗೆ ದುಡ್ಡು ಸುರಿಯಬೇಡಿ. ಅವು ಜರುಗಿ ತೊಡೆ ಉಜ್ಜುತ್ತವೆ, ಪ್ಯಾಡ್ ಇರುವ ಚಡ್ಡಿಯೇ ಸಾಕು. ಬೆನ್ನಿಗೆ ಚೀಲ ಬೇಡವೇ ಬೇಡ. ಹಿಂದಿನ ಕ್ಯಾರಿಯರ್‌ನ ಎರಡೂ ಬದಿಗೆ ಸಮತೂಕದ ಚೀಲಗಳನ್ನು, ಸಾಧ್ಯವಾದಷ್ಟು ತಗ್ಗಿಸಿ ಕಟ್ಟಿ. ಪಂಕ್ಚರ್ ಹಾಕಲು ಗುಂಪಿನಲ್ಲಿ ಇಬ್ಬರಿಗಾದರೂ ಬರಲಿ.

4. ಶಿವಮೊಗ್ಗದವರೆಗೆ ರೈಲಿನಲ್ಲಿ ಹೋಗಿ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬೇಗನೆ ಬುಕ್ ಮಾಡಿ.

5. ತೀರ್ಥಹಳ್ಳಿಯಲ್ಲಿ ತಂಗಿ, ಮರುದಿನ ಆಗುಂಬೆ ತಲುಪಿ. ದಾರಿ ಏರಿಳಿಯುತ್ತದಾದರೂ ಕಷ್ಟವೇನಿಲ್ಲ.

6. ಈಗ ಘಟ್ಟ ಇಳಿಯಿರಿ. ಆಗುಂಬೆಯಿಂದ ಸೋಮೇಶ್ವರದವರೆಗೆ, 14 ಹಿಮ್ಮುರಿ ತಿರುವುಗಳಲ್ಲಿ, ನೀವು ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಕಳೆದುಕೊಳ್ಳುತ್ತೀರಿ. ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕು. ಹೆದರಿ ಮೇಲಿನಿಂದ ಕೆಳಗಿನವರೆಗೆ ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ರಿಮ್ ಕೈ ಸುಡುವಷ್ಟು ಕಾದು ಟೈರು ಸಿಡಿಯಬಹುದು. ಡಿಸ್ಕ್ ಬ್ರೇಕಾದರೆ ಪ್ಯಾಡುಗಳು ಕಾದು, ನುಣುಪಾಗಿ, ಹಿಡಿತ ಬಿಡುತ್ತವೆ. ಆದ್ದರಿಂದ ತಿರುವಿಗೆ ಮೊದಲೇ, ಸೈಕಲ್ ನೇರವಾಗಿರುವಾಗಲೇ, ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಸಡಿಲ ಬಿಟ್ಟು ಹೊರಳಿ, ಹೊರಬಂದ ಮೇಲೆ ಗಾಳಿಗೆ ಬ್ರೇಕು ಆರಲು ಬಿಡಿ. ತಿರುವಿನ ನಡುವೆ ಗಾಬರಿಯಿಂದ ಮುಂದಿನ ಬ್ರೇಕ್ ಅದುಮಿದವರೇ ಬೀಳುವವರು. ಹಾಗೆಂದು ಮುಂದಿನ ಬ್ರೇಕನ್ನು ಮುಟ್ಟಲೇಬಾರದೆಂಬ ಸಲಹೆಗೆ ಕಿವಿಗೊಡಬೇಡಿ, ಏಕೆಂದರೆ ವೇಗ ತಗ್ಗಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದೇ. ಬಾಡಿಗೆ ಸೈಕಲ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕಿನ ಹಿಡಿಗಳು ಎಡ ಬಲ ಅದಲುಬದಲಾಗಿರುವುದುಂಟು, ಹೊರಡುವ ಮೊದಲು ನೋಡಿಕೊಳ್ಳಿ.

ಮೈಭಾರ ಸೀಟಿನ ಹಿಂಬದಿಗಿರಲಿ, ತಿರುವಿನ ಹೊರಬದಿಯ ಪೆಡಲ್ ಕೆಳಗಿರಲಿ, ಕಣ್ಣು ಮುಂದಿನ ಚಕ್ರದ ಮೇಲಲ್ಲದೆ ತಿರುವು ಮುಗಿಯುವ ಕಡೆಗಿರಲಿ. ಇಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲವಾದರೂ ಮಿನಿ ಬಸ್ಸುಗಳು ತಿರುವನ್ನು ಪೂರ್ತಿ ಆಕ್ರಮಿಸಿಕೊಂಡೇ ಹೊರಳುತ್ತವೆ. ಹಾರ್ನ್ ಕೇಳಿದರೆ ತಿರುವಿಗೆ ಮುಂಚೆಯೇ ಎಡಕ್ಕೆ ನಿಂತು, ಹತ್ತುವ ವಾಹನಕ್ಕೆ ದಾರಿ ಬಿಡಿ. ರಸ್ತೆ ಒದ್ದೆಯಾಗಿದ್ದರೆ ರಿಮ್ಮಿನ ನೀರು ಒರೆಸಿಹೋಗುವಂತೆ ಮೊದಲು ಹಗುರವಾಗಿ ಬ್ರೇಕ್ ತಾಗಿಸಿ, ಆಮೇಲೆ ಗಟ್ಟಿಯಾಗಿ ಹಿಡಿಯಿರಿ. ಮರಗಳ ನೆರಳಿನಲ್ಲಿ ಪಾಚಿ ಇರುತ್ತದೆ.

ಗೆಳೆಯರ ಗುಂಪಿಗೆ ವಿಶೇಷವಾಗಿ ಹೇಳಬೇಕಾದ ಮಾತೆಂದರೆ, ಇಳಿಯುವಾಗ ಜೊತೆಯಾಗಿ ಹೋಗಬಾರದು. ಒಬ್ಬರ ಹಿಂದೆ ಒಬ್ಬರು, ಒಂದು ತಿರುವಿನಷ್ಟಾದರೂ ಅಂತರ ಬಿಟ್ಟು ಹೊರಡಿ. ಎಲ್ಲಿ ಕೂಡಬೇಕೆಂಬುದನ್ನು ಮೇಲೆಯೇ ಮಾತಾಡಿಕೊಳ್ಳಿ, ಅದು ತಿರುವಿನ ಒಳಗಾಗದೆ ನೇರ ರಸ್ತೆಯ ಅಗಲವಾದ ಬದಿಯಾಗಿರಲಿ. ವಿಡಿಯೊ ತೆಗೆಯುತ್ತ ಒಂದೇ ಕೈಯಲ್ಲಿ ಇಳಿಯುವವನನ್ನು ಎಲ್ಲರಿಗಿಂತ ಕೊನೆಗೆ ಬಿಡಿ, ಬಿದ್ದರೂ ಒಬ್ಬನೇ ಬೀಳಲಿ.

7. ಹೆಬ್ರಿಯಲ್ಲಿ ಬ್ರೇಕ್ ಪ್ಯಾಡುಗಳ ಸವೆತ ನೋಡಿ, ಅಗತ್ಯವಿದ್ದರೆ ಬದಲಿಸಿ. ಊರಿನಿಂದಲೇ ಒಂದು ಜೊತೆ ತಂದಿಟ್ಟುಕೊಂಡಿರಿ. ದಾರಿಬದಿಯ ಅಂಗಡಿಗಳಲ್ಲಿ ಸಿಗುವ ಗಟ್ಟಿ ರಬ್ಬರಿನವು ಕಿರುಚುವುದೇ ಹೊರತು ನಿಲ್ಲಿಸುವುದಿಲ್ಲ.

8. ಮರುದಿನ ಕಾರ್ಕಳದವರೆಗೆ ಮಾತ್ರ ಹೋಗಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಿ ಬೇಗ ಮಲಗಿ.

9. ಮಾಳದ ಘಟ್ಟ ಹತ್ತಿ. ನಸುಕಿನಲ್ಲೇ ಹೊರಡಿ, ಏಕೆಂದರೆ ಮುಂದೆ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟ್ ಇದೆ, ಒಳಗೆ ಗುಡಾರ ಹಾಕುವಂತಿಲ್ಲ. ಏರಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಲಯದಲ್ಲೇ ಹತ್ತಲಿ. ನಿಧಾನದವನ ಪಕ್ಕದಲ್ಲಿ ಹೋಗುತ್ತ ಹುರಿದುಂಬಿಸುವುದು ಅವನಿಗೆ ಹಿಂಸೆ. ಲಾರಿಯ ಹಿಂಬದಿ ಹಿಡಿದು ಹತ್ತುವ ಅಡ್ಡದಾರಿ ಯಾರಿಗೂ ಬೇಡ. ಆಗದವರು ಗೂಡ್ಸ್ ಟೆಂಪೊದಲ್ಲಿ ಸೈಕಲ್ ಏರಿಸಿಕೊಂಡು ಬರಲಿ, ಅದರಲ್ಲಿ ಅವಮಾನವೇನಿಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಕುದುರೆಮುಖದ ಪಟ್ಟಣ ಬಹುಪಾಲು ಖಾಲಿಯಾಗಿರುವುದರಿಂದ ಅಲ್ಲಿನ ಹೋಟೆಲುಗಳನ್ನು ನೆಚ್ಚದೆ, ಬಜಗೋಳಿಯಲ್ಲೇ ಊಟ ಮತ್ತು ನೀರು ಕಟ್ಟಿಕೊಳ್ಳಿ. ರಾತ್ರಿ ಕಳಸದಲ್ಲಿ ತಂಗಿ.

10. ಕೊನೆಯ ದಿನ ಕಾಫಿ ತೋಟಗಳ ನಡುವಿನ ಏರಿಳಿತ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿಯ ಕಡೆಗೆ ತಿರುಗದೆ, ಮೂಡಿಗೆರೆಯ ಮೇಲಿಂದ ಚಿಕ್ಕಮಗಳೂರು ಸೇರಿ. ಕಡೂರಿನಿಂದ ರೈಲು ಹಿಡಿಯುವುದಾದರೆ ಅದು ಅಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ; ಸೈಕಲ್‌ಗಳ ಪಾರ್ಸೆಲ್ ಕೆಲಸವನ್ನು ಸಾಕಷ್ಟು ಮುಂಚೆಯೇ ಮುಗಿಸಿಕೊಳ್ಳಿ.