ಹಸ್ತಪ್ರತಿ ಕೊಡುವ ಮುನ್ನ ಕರಾರು ಓದಿ

ಪ್ರಕಾಶಕರು ಪರಿಚಯದವರು, ಕಾಗದ ಕೇಳಿದರೆ ಏನಂದುಕೊಂಡಾರೋ ಎಂದು ಬಾಯಿಮಾತಿನ ಮೇಲೆಯೇ ಹಸ್ತಪ್ರತಿ ಕೊಟ್ಟುಬಿಡುವವರು ಕಲಬುರಗಿ ಸೀಮೆಯಲ್ಲಿ ಕಡಿಮೆಯಿಲ್ಲ. ಪುಸ್ತಕ ಮರುಮುದ್ರಣವಾದಾಗ ತಕರಾರು ಶುರುವಾಗುತ್ತದೆ.

ಮೊದಲು ಹಸ್ತಪ್ರತಿಯಲ್ಲಿ ನಿಮ್ಮದಲ್ಲದ್ದು ಏನಿದೆ ಎಂದು ಗುರುತು ಹಾಕಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಕೃತಿಗೆ ಹಕ್ಕುಸ್ವಾಮ್ಯವಿರುತ್ತದೆ. ಆ ಅವಧಿ ಎಂದೋ ಮುಗಿದಿರುವ ಶರಣರ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದು. ಆದರೆ ಈಚಿನ ಸಂಪಾದಕರು ಬರೆದ ಟಿಪ್ಪಣಿ, ಅರ್ಥವಿವರಣೆ ಅವರ ಸ್ವತ್ತು. ಬೀದರ್ ಕಡೆಯವರು ಉರ್ದು, ಮರಾಠಿಯಿಂದ ಅನುವಾದಿಸುವಾಗ ಮೂಲ ಲೇಖಕರ ಅಥವಾ ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಬೇಕು. ಫೋನಿನಲ್ಲಿ ಹೂಂ ಎಂದದ್ದು ಸಾಲದು.

ಇನ್ನು ಕರಾರು. ‘ಕೃತಿಯ ಸಕಲ ಹಕ್ಕುಗಳನ್ನು ಪ್ರಕಾಶಕರಿಗೆ ವಹಿಸಿಕೊಡಲಾಗಿದೆ’ ಎಂಬ ಒಂದು ಸಾಲು ಕಂಡರೆ ಪೆನ್ನು ಕೆಳಗಿಡಿ. ಅನುವಾದ, ಇ-ಪುಸ್ತಕ, ನಾಟಕ, ಸಿನಿಮಾ ಎಲ್ಲವೂ ಅದರೊಳಗೆ ಹೋಗಿಬಿಡುತ್ತವೆ. ಅದನ್ನು ಹೊಡೆದು ಹಾಕಿ, ‘ಕನ್ನಡ ಮುದ್ರಿತ ಪುಸ್ತಕ, ಮೊದಲ ಮುದ್ರಣ, 500 ಪ್ರತಿ, ಮೂರು ವರ್ಷ’ ಎಂಬಂತೆ ಬರೆಸಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ಗೌರವಧನ ಮುಖಬೆಲೆಯ ಮೇಲೋ, ಮಾರಾಟಗಾರರ ಕಮಿಷನ್ ಕಳೆದು ಉಳಿದ ಮೊತ್ತದ ಮೇಲೋ ಎಂಬುದನ್ನೂ ಕೇಳಿ. ಈ ಎರಡರ ನಡುವೆ ವ್ಯತ್ಯಾಸ ದೊಡ್ಡದು. ಅಚ್ಚಿನ ಖರ್ಚು ನಿಮ್ಮದೇ ಆದರೆ ಹಕ್ಕು ಬರೆದುಕೊಡುವುದಕ್ಕೆ ಅರ್ಥವೇ ಇಲ್ಲ. ಹಣಕ್ಕೆ ರಸೀದಿ ಪಡೆಯಿರಿ, ಉಳಿದ ಪ್ರತಿಗಳೂ ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಪುಟ ಜೋಡಿಸಿದ ಡಿಟಿಪಿ ಫೈಲೂ ಯಾರ ಬಳಿ ಇರಬೇಕೆಂದು ಬರೆಸಿ.

ಕೊನೆಯ ಪುಟದ ಸಣ್ಣ ಅಕ್ಷರವನ್ನೂ ಬಿಡಬೇಡಿ. ಹಕ್ಕು ಉಲ್ಲಂಘನೆಯಾದರೆ ಲೇಖಕರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಕಾಯ್ದೆಯಲ್ಲಿ ಅವಕಾಶವಿದೆ. ‘ವ್ಯಾಜ್ಯಗಳು ಬೆಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂಬುದಕ್ಕೆ ಸಹಿ ಹಾಕಿದರೆ ಯಾದಗಿರಿಯ ಲೇಖಕರು ರಾತ್ರಿ ರೈಲು ಹತ್ತಬೇಕಾದೀತು.

ಹಕ್ಕುಸ್ವಾಮ್ಯ ನೋಂದಣಿ ಕಡ್ಡಾಯವಲ್ಲ; ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಆದರೂ 500 ರೂಪಾಯಿ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲಿ ನೋಂದಾಯಿಸಿದರೆ ಆ ಪ್ರಮಾಣಪತ್ರ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯ, ಅಂದರೆ ಎದುರಾಳಿ ಸುಳ್ಳೆಂದು ತೋರಿಸುವವರೆಗೆ ಒಪ್ಪುವ ಸಾಕ್ಷ್ಯವಾಗುತ್ತದೆ. ಐಎಸ್‌ಬಿಎನ್ ಉಚಿತ, ಆದರೆ ಅದು ಪುಸ್ತಕದ ಬರೀ ಗುರುತಿನ ಸಂಖ್ಯೆ, ಹಕ್ಕಿಗೆ ಪುರಾವೆಯಲ್ಲ.

ಆತ್ಮಕಥೆ, ಊರಿನ ಇತಿಹಾಸ ಬರೆಯುವವರು ಅಚ್ಚಿಗೆ ಮುನ್ನ ವಕೀಲರೊಬ್ಬರಿಗೆ ತೋರಿಸುವುದು ಒಳ್ಳೆಯದು. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂದು ಅಚ್ಚು ಹಾಕಿದರೂ, ಓದಿದವರಿಗೆ ಇಂಥವರೇ ಎಂದು ಗೊತ್ತಾಗುವಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ಮಾನನಷ್ಟ ಪ್ರಕರಣ ಬರಬಹುದು. ಬರೆದದ್ದು ನಿಜವೆಂದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದ್ದೆಂದೂ ತೋರಿಸಬೇಕಾಗುತ್ತದೆ.

ಪುಸ್ತಕ ಹೊರಬಂದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವುದು ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ ಕುರಿತ 1954ರ ಕಾಯ್ದೆಯಂತೆ ಪ್ರಕಾಶಕರ ಹೊಣೆ. ನೀವೇ ಪ್ರಕಾಶಕರಾಗಿದ್ದರೆ ಅಂಚೆ ವೆಚ್ಚವೂ ನಿಮ್ಮದೇ.